ನವಲಗುಂದದ ಎರೆನಾಡು ಮತ್ತು ಹತ್ತಿಯ ಬೆಳೆ: ಒಂದು ಐತಿಹಾಸಿಕ ವಿವೇಚನೆ

೧. ಪೀಠಿಕೆ

ಒಂದು ಪ್ರದೇಶದ ಹೆಸರು ಅಲ್ಲಿಯ ಬೆಳೆಗೆ ಅಂಟಿಕೊಂಡು ದೇಶಾಂತರಗಳಲ್ಲಿ ಪ್ರಸಿದ್ಧಿ ಪಡೆಯುವುದು ಇತಿಹಾಸಕ್ಕೆ ಹೊಸತಲ್ಲ. ಸ್ಪೇನ್ ದೇಶದ ದಕ್ಷಿಣ ಭಾಗದಲ್ಲಿರುವ ಹೆರೆಸ್ ಪಟ್ಟಣದ ಸುತ್ತಲಿನ ದ್ರಾಕ್ಷಾರಸವು, ಆ ಊರ ಹೆಸರನ್ನೇ ಆಂಗ್ಲ ವರ್ತಕರು ತಿರುಚಿದ 'ಶೆರಿ' ಎಂಬ ನಾಮದಿಂದ ಲೋಕವಿಖ್ಯಾತವಾಯಿತು. ನಮ್ಮ ಧಾರವಾಡ ಜಿಲ್ಲೆಯ ಹತ್ತಿಯೂ ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಮತ್ತು ಲಿವರ್‌ಪೂಲ್ ಪೇಟೆಗಳಲ್ಲಿ ತನ್ನದೇ ಆದ ಹೆಸರುಗಳಿಂದ ಗುರುತಿಸಲ್ಪಡುತ್ತಿತ್ತು. ಆದರೆ ಹೆರೆಸಿನ ಹೆಸರು ಇಂದಿಗೂ ಉಳಿದಿದೆ. ಧಾರವಾಡ ಹತ್ತಿಯ ಹೆಸರನ್ನು ನಾವು ಹಳೆಯ ಗ್ಯಾಝೆಟಿಯರಿನ ಪುಟಗಳಲ್ಲಿ ಹುಡುಕಬೇಕಾಗಿದೆ. ನವಲಗುಂದ ತಾಲೂಕಿನ ತಿರ್ಲಾಪುರದಂಥ ಊರುಗಳ ಹೊಲಗಳಲ್ಲಿ ನಿಂತು ನೋಡಿದವರಿಗೆ, ನೆಲವು ಬದಲಾಗದಿದ್ದರೂ ಅದರ ಕೀರ್ತಿಯು ಏಕೆ ಕರಗಿತೆಂಬ ಪ್ರಶ್ನೆ ಏಳದೆ ಇರದು. ಆ ಪ್ರಶ್ನೆಗೆ ಯಥಾಶಕ್ತಿ ಉತ್ತರ ಹುಡುಕುವುದೇ ಪ್ರಕೃತ ಲೇಖನದ ಉದ್ದೇಶ.

೨. ನೆಲ ಮತ್ತು ಹವೆ

ನವಲಗುಂದ ತಾಲೂಕು ಬಹುತೇಕವಾಗಿ ಬಯಲುಸೀಮೆ. ಬೆಣ್ಣೆಹಳ್ಳವು ಈ ಬಯಲಿನಲ್ಲಿ ಹರಿದು ಮಲಪ್ರಭೆಯನ್ನು ಸೇರುತ್ತದೆ. ಇಲ್ಲಿಯ ನೆಲ ಎರೆ. ಮಸಾರಿ ನೆಲ ವಿರಳ. ಎರೆ ಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು. ಮಳೆ ಬಿದ್ದಾಗ ಅದು ನೀರು ಕುಡಿದು ಹಿಗ್ಗುತ್ತದೆ; ಬೇಸಿಗೆಯಲ್ಲಿ ಒಣಗಿ, ಆಳುದ್ದದ ಕೋಲು ಇಳಿಯುವಷ್ಟು ಬಿರಿಯುತ್ತದೆ. ಮೇಲಿನ ಮಣ್ಣು ಈ ಬಿರುಕುಗಳಲ್ಲಿ ಉದುರಿ ಕೆಳಗಿನದರೊಡನೆ ಬೆರೆಯುವುದರಿಂದ ಭೂಮಿ ತನ್ನನ್ನು ತಾನೇ ಉತ್ತುಕೊಳ್ಳುತ್ತದೆಂದು ಹೇಳಿದರೂ ತಪ್ಪಾಗದು.

ವಾರ್ಷಿಕ ಮಳೆಯ ಪ್ರಮಾಣ ೬೦೦ ಮಿಲಿಮೀಟರುಗಳ ಆಸುಪಾಸಿನಲ್ಲಿದೆ. ಮುಂಗಾರಿಯ ಬಹುಭಾಗವನ್ನು ಪಡುವಣ ಮಲೆನಾಡು ತಡೆಯುತ್ತದೆ. ಆದುದರಿಂದ ಇಲ್ಲಿಯ ರೈತನು ಮುಂಗಾರಿಯ ಉಳಿಕೆಯನ್ನೂ ಹಿಂಗಾರಿಯ ಮಳೆಯನ್ನೂ ಕೂಡಿಯೇ ನೆಚ್ಚುತ್ತಾನೆ. ಹಳೆಯ ಪದ್ಧತಿಯಲ್ಲಿ ಮಘೆ ಮತ್ತು ಹುಬ್ಬೆ ಮಳೆಗಳ ಕಾಲಕ್ಕೆ, ಎಂದರೆ ಆಗಸ್ಟ್ ನಡುವಿನಿಂದ ಸೆಪ್ಟೆಂಬರದವರೆಗೆ, ಹತ್ತಿಯನ್ನು ಬಿತ್ತುತ್ತಿದ್ದರು. ಕಾಳುಗಳು ಒಂದಕ್ಕೊಂದು ಅಂಟದಿರಲೆಂದು ಅವನ್ನು ಸೆಗಣಿ ಮಣ್ಣುಗಳ ರಾಡಿಯಲ್ಲಿ ಉಜ್ಜಿ ಕೂರಿಗೆಗೆ ಬಿಡುತ್ತಿದ್ದರು. ಹಿಂಗಾರಿ ಮುಗಿದ ಮೇಲೆ ಗಿಡಕ್ಕೆ ಮೇಲಿನ ನೀರಿಲ್ಲ. ಎರೆಯು ತನ್ನೊಡಲಲ್ಲಿ ಹಿಡಿದಿಟ್ಟ ಹಸಿಯನ್ನೇ ಬೇರುಗಳು ಹುಡುಕಿಕೊಂಡು ಇಳಿಯುತ್ತವೆ. ಎಡೆಕುಂಟೆ ಹೊಡೆದು ಬಿರುಕು ಮುಚ್ಚಿ ಹಸಿ ಆರದಂತೆ ನೋಡಿಕೊಳ್ಳುವುದೇ ಒಕ್ಕಲಿಗನ ಜಾಣ್ಮೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹತ್ತಿ ಬಿಡಿಸುವ ಕೆಲಸ ನಡೆಯುತ್ತಿತ್ತು.

ಹೆರೆಸಿನೊಡನೆ ಹೋಲಿಕೆ ಇಲ್ಲಿ ಸಾರ್ಥಕವಾಗುತ್ತದೆ. ಅಲ್ಲಿಯ ಉತ್ತಮ ದ್ರಾಕ್ಷಿತೋಟಗಳು 'ಅಲ್ಬರಿಸಾ' ಎಂಬ ಸುಣ್ಣಮಿಶ್ರಿತ ಬಿಳಿಯ ನೆಲದಲ್ಲಿವೆ. ಅಲ್ಲಿಯೂ ಮಳೆ ಸುಮಾರು ೬೦೦ ಮಿಲಿಮೀಟರು. ಅದೂ ಬಹುತೇಕ ಚಳಿಗಾಲದ ಸುತ್ತಿನಲ್ಲಿಯೇ ಬೀಳುತ್ತದೆ. ಆ ನೀರನ್ನು ಬಿಳಿಯ ಮಣ್ಣು ಹೀರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಮೇಲ್ಮೈ ಗಟ್ಟಿ ಹೊಪ್ಪಳಿಕೆಯಾಗಿ ಒಳಗಿನ ತೇವವನ್ನು ಕಾಪಾಡುತ್ತದೆ. ಸಾಲುಗಳ ನಡುವೆ ಸಣ್ಣ ಗುಂಡಿಗಳನ್ನು ತೋಡಿ ಮಳೆನೀರು ಹರಿದುಹೋಗದಂತೆ ತಡೆಯುವ ರೂಢಿಯೂ ಅಲ್ಲುಂಟು. ಒಂದು ನೆಲ ಬಿಳಿ, ಇನ್ನೊಂದು ಕರಿ; ಒಂದರ ಬೆಳೆ ಬಹುವಾರ್ಷಿಕ ಬಳ್ಳಿ, ಇನ್ನೊಂದರದು ಆರೇಳು ತಿಂಗಳ ಗಿಡ. ಆದರೂ ಕೂಡಿಟ್ಟ ಹಸಿಯ ಮೇಲೆ ಬಾಳುವ ವ್ಯವಸಾಯವೆಂಬ ಮಾತು ಎರಡಕ್ಕೂ ಸಮಾನವಾಗಿ ಸಲ್ಲುತ್ತದೆ. ಆದುದರಿಂದ ಎರಡು ಪ್ರದೇಶಗಳ ಭವಿತವ್ಯ ಬೇರೆಯಾದುದಕ್ಕೆ ಕಾರಣವನ್ನು ಕೇವಲ ನೆಲದಲ್ಲಿ ಹುಡುಕಿದರೆ ಸಾಲದು.

೩. ರೇವಿನ ಹೆಸರು ಹೊತ್ತ ಹತ್ತಿ

ಈ ನಾಡಿನ ಮೂಲ ಹತ್ತಿಯು ಶಾಸ್ತ್ರಜ್ಞರು 'ಗಾಸಿಪಿಯಮ್ ಹರ್ಬೇಸಿಯಮ್' ಎಂದು ಕರೆಯುವ ಜಾತಿಗೆ ಸೇರಿದ್ದು. ೧೮೧೮ರಲ್ಲಿ ಪೇಶ್ವೆಯರ ಆಳಿಕೆ ಕೊನೆಗೊಂಡು ಈ ಭಾಗ ಆಂಗ್ಲರ ವಶವಾದ ಮೇಲೆ ಹತ್ತಿಯ ವ್ಯಾಪಾರ ದೂರದ ಪೇಟೆಗಳಿಗೆ ಬಿಗಿಯಾಗಿ ಜೋಡಿಸಲ್ಪಟ್ಟಿತು. ಕಲ್ಲಿನ ಮೇಲೆ ಕಬ್ಬಿಣದ ಸಲಾಕೆಯನ್ನು ಪಾದಗಳಿಂದ ಉರುಳಿಸಿ ಹೆಂಗಸರು ಕಾಳು ಬಿಡಿಸಿದ ಅರಳೆಯನ್ನು ಎತ್ತುಗಳ ಮೇಲೂ ಬಂಡಿಗಳಲ್ಲಿಯೂ ಹೇರಿ, ಘಟ್ಟ ಇಳಿಸಿ, ಕುಮಟೆಯ ರೇವಿಗೆ ಸಾಗಿಸುತ್ತಿದ್ದರು. ಅಲ್ಲಿಂದ ಅದು ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. ಹೀಗಾಗಿ ನವಲಗುಂದ, ರೋಣ, ಗದಗಗಳ ಎರೆಯಲ್ಲಿ ಬೆಳೆದ ಹತ್ತಿಗೆ ಪೇಟೆಯಲ್ಲಿ ಬಿದ್ದ ಹೆಸರು 'ಕುಂಪ್ಟಾ'. ಹತ್ತಿಯ ಒಂದು ಗಿಡವೂ ಬೆಳೆಯದ ಕಡಲತಡಿಯ ಊರಿನ ಹೆಸರನ್ನು ಬಯಲುಸೀಮೆಯ ಬೆಳೆ ಹೊತ್ತುಕೊಂಡಿತು.

ಇದು ಕ್ಷುಲ್ಲಕ ವಿಷಯವೆಂದು ತೋರಬಹುದು. ನಮ್ಮ ಅಭಿಪ್ರಾಯದಲ್ಲಿ ಹಾಗಲ್ಲ. ಹೆರೆಸಿನಲ್ಲಿ ಹೆಸರು ಬೆಳೆದ ನೆಲದ್ದಾಗಿತ್ತು. ಇಲ್ಲಿ ಅದು ಸಾಗಿಸಿದವನದಾಗಿತ್ತು. ೧೮೮೦ರ ದಶಕದಲ್ಲಿ ದಕ್ಷಿಣ ಮರಾಠಾ ರೈಲುಮಾರ್ಗ ಗದಗ ಹುಬ್ಬಳ್ಳಿಗಳನ್ನು ಮುಟ್ಟಿ, ಮುಂದೆ ಮರ್ಮಗೋವೆಯ ಬಂದರಿಗೂ ದಾರಿಯಾದಾಗ ಕುಮಟೆಯ ವ್ಯಾಪಾರ ಕುಗ್ಗಿತು. ಹೆಸರಿಗೆ ಆಧಾರವಾಗಿದ್ದ ದಾರಿಯೇ ತಪ್ಪಿದ ಮೇಲೆ ಅದನ್ನು ಉಳಿಸಿಕೊಳ್ಳುವ ಆಸ್ಥೆ ಯಾರಿಗಿರಬೇಕು?

೪. ಅಮೆರಿಕದ ಬೀಜ

ಲ್ಯಾಂಕಶೈರಿನ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕಾಗಿತ್ತು. ಅದಕ್ಕಾಗಿ ಈಸ್ಟ್ ಇಂಡಿಯಾ ಕಂಪನಿಯು ೧೮೪೦ರಲ್ಲಿ ಅಮೆರಿಕದ ದಕ್ಷಿಣ ಸಂಸ್ಥಾನಗಳಿಂದ ಹತ್ತು ಜನ ತೋಟಗಾರರನ್ನು ಭಾರತಕ್ಕೆ ಕರೆತಂದಿತು. ಅವರಲ್ಲೊಬ್ಬನಾದ ಮರ್ಸರನ ಕೈಯಲ್ಲಿ ಹುಬ್ಬಳ್ಳಿಯ ಹತ್ತಿರದ ಕುಸುಗಲ್ಲಿನಲ್ಲಿ ಪ್ರಯೋಗಕ್ಷೇತ್ರವೊಂದು ನಡೆಯಿತು. ಧಾರವಾಡದ ಕಲೆಕ್ಟರನಾಗಿದ್ದ ಎ. ಎನ್. ಶಾ ಈ ಕಾರ್ಯಕ್ಕೆ ವಿಶೇಷ ಪ್ರೋತ್ಸಾಹವಿತ್ತನು. ನ್ಯೂ ಆರ್ಲಿಯನ್ಸ್ ಬೀಜವು ಇಂಡಿಯಾದ ಬೇರೆ ಹಲವು ಕಡೆಗಳಲ್ಲಿ ಸೋತುಹೋಯಿತು. ಧಾರವಾಡದಲ್ಲಿ ಮಾತ್ರ ಅದು ಬೇರೂರಿ 'ಧಾರವಾಡ-ಅಮೆರಿಕನ್' ಎಂಬ ಹೆಸರನ್ನು ಪಡೆಯಿತು.

ಈ ಯಶಸ್ಸನ್ನು ಅಮೆರಿಕನ್ನರ ಬೋಧನೆಯ ಫಲವೆಂದು ಬರೆಯುವ ವಾಡಿಕೆಯುಂಟು. ಈ ಮತವನ್ನು ನಾವು ಪೂರ್ಣವಾಗಿ ಒಪ್ಪಲಾರೆವು. ಮೊದಲನೆಯದಾಗಿ, ಎರಡು ಮಳೆಗಾಲಗಳ ನಡುವೆ ಬಿದ್ದಿರುವ ಈ ಜಿಲ್ಲೆಯ ಹವೆ, ಉತ್ತರದ ಪ್ರಾಂತಗಳ ಹವೆಗಿಂತ ಸೌಮ್ಯವಾಗಿದ್ದು ಆ ಗಿಡಕ್ಕೆ ಒಗ್ಗಿತು. ಎರಡನೆಯದಾಗಿ, ಬೀಜ ಪರದೇಶದ್ದಾದರೂ ಬೇಸಾಯ ಇಲ್ಲಿಯದೇ ಆಗಿತ್ತು. ಕುಂಟೆ, ಕೂರಿಗೆ, ಜೋಳದೊಡನೆ ಬೆಳೆಯ ಪಾಳಿ, ಇವಾವುವನ್ನೂ ರೈತನು ಬಿಟ್ಟುಕೊಡಲಿಲ್ಲ. ಪ್ರಯೋಗಕ್ಷೇತ್ರಗಳು ಸರಕಾರಕ್ಕೆ ವ್ಯರ್ಥ ಖರ್ಚು, ಈ ದೇಶದ ಒಕ್ಕಲಿಗರೇ ಕಡಿಮೆ ವೆಚ್ಚದಲ್ಲಿ ಮೇಲಾಗಿ ಬೆಳೆಯಬಲ್ಲರು ಎಂಬ ಅಭಿಪ್ರಾಯಕ್ಕೆ ಕೊನೆಗೆ ಮರ್ಸರನೇ ಬಂದನು. ಶಿಕ್ಷಕನಾಗಿ ಬಂದವನ ಈ ಸಾಕ್ಷ್ಯಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ.

ಹೊರಗಿನಿಂದ ಬಂದ ನಿಜವಾದ ಸಹಾಯವೆಂದರೆ ಯಂತ್ರ. ಅಮೆರಿಕನ್ ಹತ್ತಿಯ ಎಳೆ ಕಾಳಿಗೆ ಬಿಗಿಯಾಗಿ ಅಂಟಿರುವುದರಿಂದ ಪಾದದ ಸಲಾಕೆಯಿಂದ ಅದನ್ನು ಬಿಡಿಸುವುದು ಕಷ್ಟ. ಗರಗಸದ ಹಲ್ಲುಗಳ ಜಿನ್ನು ಬಂದ ಮೇಲೆಯೇ ಆ ಬೆಳೆ ಹಬ್ಬಿತು. ಪೇಟೆಯಲ್ಲಿ ಅದಕ್ಕೆ 'ಗರಗಸದ ಜಿನ್ನಿನ ಧಾರವಾಡ' ಎಂಬರ್ಥದ ಹೆಸರು ನಿಂತುದೂ ಇದಕ್ಕೆ ನಿದರ್ಶನ.

೫. ಬೆಲೆಯ ಏರಿಳಿತ ಮತ್ತು ಕಲಬೆರಕೆ

೧೮೬೧ರಿಂದ ೧೮೬೫ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿಯ ರವಾನೆ ನಿಂತಿತು. ಇಂಡಿಯಾದ ಹತ್ತಿಯ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೇರಿತು. ಕಾರವಾರದ ಬಂದರನ್ನು ಧಾರವಾಡದ ಹತ್ತಿಗೆ ದ್ವಾರವಾಗಿಸಬೇಕೆಂಬ ಹಂಬಲ ಎಷ್ಟಿತ್ತೆಂದರೆ, ಉತ್ತರ ಕನ್ನಡ ಜಿಲ್ಲೆಯನ್ನೇ ೧೮೬೨ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಲಾಯಿತು. ಬೆಲೆ ಏರಿದಂತೆ ಕಲಬೆರಕೆಯೂ ಏರಿತು. ದೇಶೀ ಹತ್ತಿಯನ್ನು ಅಮೆರಿಕನ್ ಹತ್ತಿಯೊಡನೆ ಬೆರೆಸುವುದು, ಅರಳೆಯಲ್ಲಿ ಕಾಳು ಕಸ ಬಿಡುವುದು, ತೂಕಕ್ಕಾಗಿ ನೀರು ಚಿಮುಕಿಸುವುದು ಸಾಮಾನ್ಯವಾಯಿತು. ಇದನ್ನು ತಡೆಯಲು ಮುಂಬಯಿ ಸರಕಾರವು ೧೮೬೩ರಲ್ಲಿ ಹತ್ತಿಯ ಮೋಸಗಳ ವಿರುದ್ಧ ಒಂದು ಕಾಯಿದೆಯನ್ನು ಮಾಡಿತು. ಯುದ್ಧ ಮುಗಿಯುತ್ತಲೇ ಬೆಲೆ ಕುಸಿಯಿತು. ಮುಂದೆ ೧೮೭೬-೭೮ರ ಭೀಕರ ಬರ ಬಂದಿತು. ನಗದು ಬೆಳೆ ಕಂದಾಯಕ್ಕೆ ಸಾಲುವುದಾದರೂ ಹಗೇವಿನ ಜೋಳದಂತೆ ಹಸಿವಿಗೆ ಆಗದೆಂಬುದನ್ನು ಎರೆನಾಡು ಈ ಎರಡು ದಶಕಗಳಲ್ಲಿ ಕಲಿಯಿತು.

ಹೊಲದಲ್ಲಿಯೂ ಜಿನ್ನಿನಲ್ಲಿಯೂ ಎರಡು ಬಗೆಯ ಬೀಜಗಳು ಬೆರೆತುದರಿಂದ ಧಾರವಾಡ-ಅಮೆರಿಕನ್ ತಳಿ ಕ್ರಮೇಣ ಕೆಟ್ಟಿತು. ೧೮೬೩ರ ಕಾಯಿದೆ ಮೂಟೆಯನ್ನು ಪರೀಕ್ಷಿಸಿತೇ ವಿನಾ ಬೀಜವನ್ನು ಕಾಯಲಿಲ್ಲ. ಕೊಳ್ಳುವವನ ಹಿತವನ್ನು ನೋಡಿತೇ ವಿನಾ ಬೆಳೆಯುವವನಿಗೆ ತನ್ನ ಹೆಸರಿನ ಮೇಲೆ ಯಾವ ಹಕ್ಕನ್ನೂ ಕೊಡಲಿಲ್ಲ. ಹೆರೆಸಿನ ದಾರಿ ಇದಕ್ಕೆ ವಿರುದ್ಧವಾದುದು. ಅಲ್ಲಿಯೂ ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ಫಿಲೋಕ್ಸೆರಾ ಎಂಬ ಬೇರುಹುಳು ತೋಟಗಳನ್ನು ಹಾಳುಮಾಡಿತು. ಹುಳು ಬಂದುದೂ ಅಮೆರಿಕದಿಂದ, ಮದ್ದು ಬಂದುದೂ ಅಮೆರಿಕದಿಂದ. ಅಮೆರಿಕದ ಬೇರುಗಿಡಕ್ಕೆ ಸ್ಥಳೀಯ ಬಳ್ಳಿಯ ಕಸಿ ಕಟ್ಟಿ ತಮ್ಮ ತಳಿಯನ್ನು ಉಳಿಸಿಕೊಂಡರು. ೧೯೩೩ರಲ್ಲಿ ನಿಯಂತ್ರಣ ಮಂಡಳಿಯೊಂದು ಸ್ಥಾಪಿತವಾಗಿ, ಯಾವ ನೆಲದ ರಸಕ್ಕೆ ಆ ಹೆಸರು ಸಲ್ಲುವುದೆಂಬುದು ಕಾನೂನಿನಿಂದ ನಿರ್ಧಾರವಾಯಿತು. ಇಂಗ್ಲಂಡಿನಲ್ಲಿ ತಯಾರಾದ ಪಾನೀಯಕ್ಕೆ ಶೆರಿ ಎಂಬ ಹೆಸರಿಡುವ ರೂಢಿ ಯುರೋಪಿನಲ್ಲಿ ನಿಂತದ್ದು ೧೯೯೬ರಿಂದ. ಹೆಸರನ್ನು ಕಾಯುವುದು ದೀರ್ಘ ಹೋರಾಟವೆಂಬುದಕ್ಕೆ ಇದೇ ಪ್ರಮಾಣ.

೬. ತಳಿಗಳು ಮತ್ತು ಕಾಲುವೆ

ಇಪ್ಪತ್ತನೆಯ ಶತಮಾನದಲ್ಲಿ ಧಾರವಾಡದ ಕೃಷಿ ಸಂಶೋಧಕರು ಕೆಟ್ಟ ತಳಿಗಳನ್ನು ತಿದ್ದುವ ಕೆಲಸ ಹಿಡಿದರು. ಜಿ. ಎಲ್. ಕೊಟ್ಟೂರರ ಕಾಲದಲ್ಲಿ ದೇಶೀ ಹತ್ತಿಯಿಂದ 'ಧಾರವಾಡ ನಂ. ೧', 'ಜಯವಂತ' ತಳಿಗಳು ಹೊರಬಂದವು. ಅಮೆರಿಕನ್ ಹತ್ತಿಯಿಂದ ಆಯ್ದ ತಳಿ 'ಗದಗ ನಂ. ೧'. ಮುಂದೆ ಬಂದ 'ಜಯಧರ' ಎರೆಯ ರೈತನಿಗೆ ಬಹುಕಾಲ ಆಪ್ತವಾಗಿತ್ತು. ಕಡಿಮೆ ಖರ್ಚಿನಲ್ಲಿ, ಬರಗಾಲದಲ್ಲಿಯೂ ಅಷ್ಟಿಷ್ಟು ಕೈಗೆ ಹತ್ತುವ ಬೆಳೆ ಅದು. ೧೯೭೨ರಲ್ಲಿ ಬಿ. ಎಚ್. ಕಟರಕಿಯವರು ಧಾರವಾಡದಲ್ಲಿ ರೂಪಿಸಿದ 'ವರಲಕ್ಷ್ಮಿ' ಎರಡು ಭಿನ್ನ ಜಾತಿಗಳ ಸಂಕರದಿಂದಾದ ಹತ್ತಿಯೆಂದು ದೇಶದಲ್ಲೆಲ್ಲ ಹೆಸರಾಯಿತು.

ಅದೇ ವರ್ಷ ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಯ ಅಣೆಕಟ್ಟು ಪೂರ್ಣಗೊಂಡಿತು. ಕೂಡಿಟ್ಟ ಹಸಿಯ ನಾಡಿಗೆ ಕಾಲುವೆಯ ನೀರು ಬಂದುದು ಸಾಮಾನ್ಯ ಬದಲಾವಣೆಯಲ್ಲ. ಹಸಿಯನ್ನು ಬಿಡದ ಗುಣವೇ ಎರೆಯ ಬಲವಾಗಿತ್ತು; ನೀರು ಹೆಚ್ಚಾದೆಡೆ ಅದೇ ಗುಣ ದೋಷವಾಗಿ ಜವುಳು ಸವುಳುಗಳು ಕಾಣಿಸಿಕೊಂಡವು. ಸಂಕರ ಹತ್ತಿಗೆ ಗೊಬ್ಬರ ಔಷಧಿಗಳ ಖರ್ಚು; ಬೆಲೆಯೋ ಅನಿಶ್ಚಿತ; ಇದರ ಮೇಲೆ ನೀರಿನ ಕರ ಮತ್ತು ಅಭಿವೃದ್ಧಿ ಕರಗಳ ಭಾರ. ೧೯೮೦ರ ಜುಲೈ ೨೧ರಂದು ನವಲಗುಂದ ನರಗುಂದಗಳಲ್ಲಿ ರೈತರ ಅಸಮಾಧಾನ ಸ್ಫೋಟಗೊಂಡು ಗೋಳೀಬಾರಿನಲ್ಲಿ ಜೀವಹಾನಿಯಾಯಿತು. ಕರ್ನಾಟಕದ ರೈತ ಚಳವಳಿ ಅಲ್ಲಿಂದ ಹೊಸ ರೂಪ ತಾಳಿತೆಂಬುದು ಸರ್ವವಿದಿತ. ಅದನ್ನು ಕೇವಲ ಕರದ ಜಗಳವೆಂದು ಓದುವವರು ಅದರ ಹಿಂದಿರುವ ನೂರೈವತ್ತು ವರ್ಷಗಳ ಹತ್ತಿಯ ಇತಿಹಾಸವನ್ನು ಮರೆಯುತ್ತಾರೆ. ೨೦೦೨ರಲ್ಲಿ ಬಿ.ಟಿ. ಹತ್ತಿಗೆ ಅನುಮತಿ ದೊರೆತ ಮೇಲಂತೂ ಮನೆಯ ಬೀಜ ಹಿಂದೆ ಸರಿದು, ವರ್ಷ ವರ್ಷವೂ ಪೊಟ್ಟಣದ ಬೀಜ ಕೊಳ್ಳುವುದೇ ರೂಢಿಯಾಯಿತು.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ನಾವು ತಲುಪುವ ನಿರ್ಣಯವಿಷ್ಟು. ನೆಲದ ಗುಣದಲ್ಲಿ ಎರೆನಾಡು ಹೆರೆಸಿಗೆ ಸೋಲಲಿಲ್ಲ. ಬೇಸಾಯದ ಜಾಣ್ಮೆಯಲ್ಲಿಯೂ ಸೋಲಲಿಲ್ಲ. ಹೆಸರು ರೇವಿನದಾಗಿ, ಬೀಜ ಯಾರ ಕಾವಲೂ ಇಲ್ಲದ್ದಾಗಿ, ಬೆಲೆ ದೂರದ ಯುದ್ಧ ಶಾಂತಿಗಳಿಗೆ ಅಧೀನವಾಗಿದ್ದುದೇ ಅದರ ಕೀರ್ತಿ ಕರಗಲು ಕಾರಣ. ನವಲಗುಂದದ ಹೆಣ್ಣುಮಕ್ಕಳು ಹತ್ತಿಯ ನೂಲಿನಲ್ಲಿ ನೇಯುವ ಜಮಖಾನೆಗೆ ಇಂದು ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಅಂಥ ರಕ್ಷಣೆ ಆ ನೆಲದ ಹತ್ತಿಗೆ ಸಕಾಲದಲ್ಲಿ ದೊರೆತಿದ್ದರೆ ಅದರ ಕಥೆ ಬೇರೆಯಾಗುತ್ತಿತ್ತೆಂದು ಊಹಿಸಲು ಅವಕಾಶವಿದೆ. ಇತಿಹಾಸಕಾರನಿಗೆ ಅದಕ್ಕಿಂತ ಮುಂದೆ ಹೋಗುವ ಅಧಿಕಾರವಿಲ್ಲ.

ಆದರೆ ಒಂದು ಕರ್ತವ್ಯ ಉಳಿದಿದೆ. ಸರಕಾರಿ ಕಡತಗಳಲ್ಲಿ ಕಲೆಕ್ಟರನ ಮಾತಿದೆ, ತೋಟಗಾರನ ಮಾತಿದೆ, ವರ್ತಕನ ಮಾತಿದೆ. ಒಕ್ಕಲಿಗನ ಮಾತು ವಿರಳ. ಜಯಧರವನ್ನು ಬಿತ್ತಿ ಬೆಳೆದ ಹಿರಿಯರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಯಾವ ಮಳೆಗೆ ಬಿತ್ತಿದರು, ಬೀಜವನ್ನು ಹೇಗೆ ಕಾಯ್ದಿಟ್ಟರು, ಬಂಡಿಯನ್ನು ಯಾವ ಪೇಟೆಗೆ ಹೊಡೆದರು ಎಂಬುದನ್ನು ಕೇಳಿ ಬರೆದಿಡಲು ದೊಡ್ಡ ಗ್ರಂಥಭಂಡಾರವೇನೂ ಬೇಡ. ರಜೆಗೆ ಊರಿಗೆ ಹೋಗುವ ವಿದ್ಯಾರ್ಥಿಯ ಬಳಿ ಒಂದು ನೋಟುಬುಕ್ಕು, ಕೇಳುವ ತಾಳ್ಮೆ ಇದ್ದರೆ ಸಾಕು. ಆ ಹಿರಿಯರ ತಲೆಮಾರು ಸರಿದ ಮೇಲೆ ಈ ಕೆಲಸವನ್ನು ಯಾವ ಸಂಶೋಧಕನೂ ಮಾಡಲಾರನು.