ನಳಿಗೆಯೊಳಗಿನ ಗೆರೆಗಳು

ಹಳಿಯಾಳದ ಕಡೆ ನಮ್ಮೂರಲ್ಲಿ ಗೋವಿನಜೋಳ ತೆನೆಗಟ್ಟಿತು ಅಂದ್ರೆ ಕಾಡುಹಂದಿ ಕಾಟ ಶುರು. ಬೆಳೆ ಕಾಯೋಕೆ ಅಂತ ಲೈಸೆನ್ಸ್ ಇರೋ ಜೋಡುನಳಿಗೆ ಬಂದೂಕು ಊರಲ್ಲಿ ಒಂದೋ ಎರಡೋ. ಇದನ್ನ ಬೆಂಗಳೂರಿನ ಗೆಳೆಯರಿಗೆ ಹೇಳಿದರೆ, ‘ಅದನ್ನೇ ರೈಫಲ್ ಮಾಡಿಸಬಹುದಲ್ಲ ಮಾರಾಯ, ಅಪ್‌ಗ್ರೇಡ್!’ ಅಂತಾರೆ.

ಅಷ್ಟು ಸಲೀಸಲ್ಲ. ಒಂದು ಪೌಂಡ್ ಸೀಸದಲ್ಲಿ 12 ಸಮ ಗುಂಡು ಎರಕ ಹೊಯ್ದರೆ, ಆ ಒಂದು ಗುಂಡಿನ ಅಳತೆಯೇ ‘12 ಬೋರ್’, ಅಂದರೆ ಸುಮಾರು 18.5 ಮಿ.ಮೀ. ಒಳಗೆಲ್ಲ ನುಣುಪು, ಹಾರಿಸೋದು ಚರೆ. ರೈಫಲ್ಲಿನ ಒಳಗೆ ಸುರುಳಿ ಗೆರೆಗಳಿರುತ್ತವೆ. ಗುಂಡು ಬುಗುರಿಯ ಹಾಗೆ ತಿರುಗುತ್ತಾ ನೆಟ್ಟಗೆ ಹೋಗುತ್ತೆ. ಚರೆ ಬಂದೂಕಿನ ತೆಳು ನಳಿಗೆ ರೈಫಲ್ ತೋಟಾದ ಒತ್ತಡ ತಡೆಯೋದಿಲ್ಲ. ಸಾಲದ್ದಕ್ಕೆ ಎರಡೂ ನಳಿಗೆಯ ಗುಂಡು ಒಂದೇ ಕಡೆ ಬೀಳಬೇಕು. ಹಾರಿಸಿ ನೋಡಿ, ಬೆಸುಗೆ ಬಿಚ್ಚಿ, ಮತ್ತೆ ಕೂರಿಸಿ... ಅದೇ ಒಂದು ದೊಡ್ಡ ಡೀಬಗ್ಗಿಂಗ್.

ಇದಕ್ಕೆ ಜಾಣ ದಾರಿ ಹುಡುಕಿದವನು ಭಾರತದಲ್ಲಿ ಸೈನಿಕನಾಗಿದ್ದ ಜಾರ್ಜ್ ಫಾಸ್ಬರಿ. ನಳಿಗೆಯ ತುದಿಯ ಕೆಲವೇ ಇಂಚಿಗೆ ಮಾತ್ರ ಗೆರೆ ಕೊರೆಯುವ ಉಪಾಯಕ್ಕೆ 1885ರಲ್ಲಿ ಪೇಟೆಂಟ್ ಪಡೆದ. ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಅದನ್ನ ‘ಪ್ಯಾರಡಾಕ್ಸ್’ ಅಂತ ಮಾರಿತು. ಚರೆಯೂ ಆಯ್ತು, ದೊಡ್ಡ ಗುಂಡೂ ಆಯ್ತು. ಶಿಕಾರಿಗೆ ಹೋಗುವ ದೊರೆಗಳಿಗೆ ಒಂದೇ ಬಂದೂಕು ಸಾಕು.

ಆದರೆ ಇದರ ಉಲ್ಟಾ ಕೆಲಸ ಅದಕ್ಕೂ ಮೊದಲೇ ನಡೆದಿತ್ತು ನೋಡಿ. 1857ರ ಕಿಚ್ಚಿಗೆ ನೆಪವಾದದ್ದು ಎನ್‌ಫೀಲ್ಡ್ ರೈಫಲ್ಲಿನ ಕೊಬ್ಬು ಸವರಿದ ತೋಟಾ, ಗೊತ್ತಲ್ಲ? ದಂಗೆಯ ನಂತರ ಬ್ರಿಟಿಷರು 0.577 ಇಂಚಿನ ಅದೇ ನಳಿಗೆಯನ್ನ 0.656ಕ್ಕೆ ಕೊರೆದು ಗೆರೆಗಳನ್ನ ಅಳಿಸಿ, 1858ರ ಮಾದರಿ ಅಂತ ಭಾರತೀಯ ಸಿಪಾಯಿಗಳಿಗೆ ಕೊಟ್ಟರು. ಕೊರೆದ ನಳಿಗೆ ತೆಳುವಾಗಿ ಉಬ್ಬತೊಡಗಿದಾಗ, 1859ರಲ್ಲಿ ದಪ್ಪ ನಳಿಗೆಯ ಮಾದರಿ ಬಂತು. ಗೆರೆ ಮಾತ್ರ ವಾಪಸ್ ಬರಲಿಲ್ಲ! ಬಿಳಿ ಸೈನಿಕನ ಕೈಯಲ್ಲಿ ರೈಫಲ್, ನಮ್ಮವನ ಕೈಯಲ್ಲಿ ಬೇಕಂತಲೇ ಗುರಿ ಕೆಡಿಸಿದ ಬಂದೂಕು. ಬಗ್ ಅಲ್ಲ, ಪಾಲಿಸಿ.

ಜನರ ಕೈಯಲ್ಲಿದ್ದ ಆಯುಧಕ್ಕೂ ಅದೇ ಪಾಲಿಸಿ. 1857ರ ನಿಶ್ಶಸ್ತ್ರೀಕರಣ ಕಾಯ್ದೆಗೆ ಮುಧೋಳ ಸೀಮೆಯ ಹಲಗಲಿ ಬೇಡರು ‘ಕೊಡೋದಿಲ್ಲ’ ಅಂದರು. ಆ ನವೆಂಬರ್‌ನಲ್ಲಿ ದಂಡು ಬಂದು ಊರಿಗೇ ಬೆಂಕಿಯಿಟ್ಟಿತು. 1878ರ ಕಾಯ್ದೆ ಇಡೀ ದೇಶಕ್ಕೆ ಲೈಸೆನ್ಸ್ ತಂತು, ಯುರೋಪಿಯನ್ನರಿಗೆ ವಿನಾಯಿತಿ ಸಿಕ್ಕಿತು. ನಮ್ಮಲ್ಲಿ ಕೊಡವರ ಕೋವಿಯ ಹಕ್ಕಷ್ಟೇ ಉಳಿದುಕೊಂಡ ದೊಡ್ಡ ಅಪವಾದ.

ಈಗಿನ 1959ರ ಕಾಯ್ದೆಯಲ್ಲೂ ಬಂದೂಕನ್ನ ಬೇರೆ ರೂಪಕ್ಕೆ ಬದಲಾಯಿಸೋದು ಲೈಸೆನ್ಸ್ ಪಡೆದವರ ಕೆಲಸ. ಅದು ಸರಿಯೇ. 1972ರ ವನ್ಯಜೀವಿ ಕಾಯ್ದೆ ಇಲ್ಲದಿದ್ದರೆ ದಾಂಡೇಲಿ ಕಾಡಲ್ಲಿ ಹುಲಿಯ ಹೆಜ್ಜೆ ಕಾಣೋದು ಕಷ್ಟವಿತ್ತು. ಆದರೆ ಚುನಾವಣೆ ಘೋಷಣೆಯಾದ ಕೂಡಲೇ ‘ಬಂದೂಕು ತಂದು ಠಾಣೆಗೆ ಒಪ್ಪಿಸಿ’ ಅನ್ನೋ ಆದೇಶ ಬಂದಾಗ, ಊರಿನ ಹಿರಿಯರ ಮುಖ ಬಾಡೋದನ್ನ ನಾನು ನೋಡಿದ್ದೀನಿ. ಅವರು ಈಡು ಹಾರಿಸೋದು ಹಂದಿ ಹೆದರಿಸೋಕೆ. ಹಂದಿಗಂತೂ ನೀತಿಸಂಹಿತೆ ಗೊತ್ತಿಲ್ಲ. ಯಾರನ್ನ ಎಷ್ಟು ನಂಬಬೇಕು ಅನ್ನೋ ಲೆಕ್ಕ ಆಗ ನಳಿಗೆಯೊಳಗಿತ್ತು. ಈಗ ಠಾಣೆಯ ರಸೀದಿಯಲ್ಲಿದೆ.