ಮೆಟ್ನರ್ ಸೊಸೈಟಿ ಧ್ವನಿಮುದ್ರಣಗಳು

ಮೆಟ್ನರ್ ಸೊಸೈಟಿ ಧ್ವನಿಮುದ್ರಣಗಳು ರಷ್ಯಾದ ಪಿಯಾನೋ ವಾದಕ ಮತ್ತು ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ (1880–1951) ಅವರು ತಮ್ಮ ಕೃತಿಗಳನ್ನು ತಾವೇ ನುಡಿಸಿದ ಗ್ರಾಮಫೋನ್ ಮುದ್ರಿಕೆಗಳು. ಮೈಸೂರಿನ ಮಹಾರಾಜರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ (1919–1974) ಅವರ ಧನಸಹಾಯದಿಂದ ಇವು ಸಿದ್ಧವಾದವು.

ಹಿನ್ನೆಲೆ

1921ರಲ್ಲಿ ರಷ್ಯಾವನ್ನು ತೊರೆದ ಮೆಟ್ನರ್, 1930ರ ದಶಕದ ಮಧ್ಯಭಾಗದಲ್ಲಿ ಲಂಡನ್ನಿನಲ್ಲಿ ನೆಲೆಸಿದರು. ಎರಡನೆಯ ಮಹಾಯುದ್ಧ ಆರಂಭವಾದಾಗ ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಅವರ ವರಮಾನ ನಿಂತುಹೋಯಿತು, ಆರೋಗ್ಯವೂ ಹದಗೆಟ್ಟಿತು. ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದ ಒಡೆಯರ್ ಅವರು ಪಾಶ್ಚಾತ್ಯ ಸಂಗೀತವನ್ನೂ ಅಭ್ಯಾಸ ಮಾಡಿದ್ದರು. ಮೆಟ್ನರ್ ಅವರ ವಾದನ ಅವರೊಡನೆಯೇ ಮರೆಯಾಗದಿರಲೆಂದು ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿಯನ್ನು ಸ್ಥಾಪಿಸಿದರು.

ಮುದ್ರಣ

ವಾದ್ಯವೃಂದದೊಡನೆ ನುಡಿಸುವ ಮೂರು ಪಿಯಾನೋ ಕಾನ್ಸರ್ಟೊಗಳನ್ನು 1947ರಲ್ಲಿ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾದ ಸಹಯೋಗದಲ್ಲಿ ಮುದ್ರಿಸಲಾಯಿತು. ಮೊದಲನೆಯದನ್ನು ಜಾರ್ಜ್ ವೆಲ್ಡನ್, ಉಳಿದೆರಡನ್ನು ಇಸ್ಸೈ ಡೊಬ್ರೊವೆನ್ ನಿರ್ದೇಶಿಸಿದರು. ಮೂರನೆಯ ಕಾನ್ಸರ್ಟೊವನ್ನು ಮೆಟ್ನರ್ ಕೃತಜ್ಞತೆಯಿಂದ ಮಹಾರಾಜರಿಗೆ ಅರ್ಪಿಸಿದ್ದಾರೆ. 1950ರಲ್ಲಿ ಗಾಯಕಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಅವರ ಹಾಡುಗಾರಿಕೆಗೆ ಮೆಟ್ನರ್ ಪಿಯಾನೋ ನುಡಿಸಿದರು. ಎಚ್.ಎಂ.ವಿ. ಸಂಸ್ಥೆಯು ಈ ಮಾಲಿಕೆಯನ್ನು ಮೂರು ಸಂಪುಟಗಳಲ್ಲಿ ಹೊರತಂದಿತು.

ಮರುಬಿಡುಗಡೆ

ನಿಮಿಷಕ್ಕೆ 78 ಸುತ್ತು ತಿರುಗುವ ಈ ತಟ್ಟೆಗಳ ಒಂದು ಬದಿಯಲ್ಲಿ ನಾಲ್ಕೈದು ನಿಮಿಷಗಳ ಸಂಗೀತ ಮಾತ್ರ ಹಿಡಿಸುತ್ತಿತ್ತು. ಒಂದೊಂದು ಕಾನ್ಸರ್ಟೊಗೂ ಹಲವು ತಟ್ಟೆಗಳು ಬೇಕಾಗುತ್ತಿದ್ದವು. ದೀರ್ಘಾವಧಿಯ ಮುದ್ರಿಕೆಗಳು ಬಂದ ಮೇಲೆ ಇಂತಹ ತಟ್ಟೆಗಳು ಬಳಕೆಯಿಂದ ಮರೆಯಾದವು. 1990ರ ದಶಕದಲ್ಲಿ ಬ್ರಿಟನ್ನಿನ ಟೆಸ್ಟಮೆಂಟ್ ಸಂಸ್ಥೆಯು ಈ ಮುದ್ರಣಗಳನ್ನು ಸಿ.ಡಿ. ರೂಪದಲ್ಲಿ ಮತ್ತೆ ಬಿಡುಗಡೆ ಮಾಡಿತು. ಹೀಗಾಗಿ ಮೆಟ್ನರ್ ತಮ್ಮ ಕೃತಿಗಳಿಗೆ ಇಟ್ಟುಕೊಂಡಿದ್ದ ಲಯ, ಒತ್ತು ಮತ್ತು ವಿರಾಮಗಳನ್ನು ಇಂದಿನ ವಾದಕರು ನೇರವಾಗಿ ಕೇಳಿ ತಿಳಿಯಬಹುದಾಗಿದೆ.