ಕರಿಬೆಕ್ಕಿನ ಮೂರು ಚರಿತ್ರೆ

ಬೆಕ್ಕು ಅಡ್ಡ ಬಂದರೆ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುವ ಅಭ್ಯಾಸವನ್ನು ನಾವೇ ಮೈಸೂರಿನಿಂದಲೋ ಹುಬ್ಬಳ್ಳಿಯಿಂದಲೋ ಇಲ್ಲಿಗೆ ಹೊತ್ತು ತಂದೆವು ಎಂದುಕೊಳ್ಳಬೇಡಿ. ಕೀಲ್ಪಾಕ್‌ನ ಯಾವ ಬೀದಿಯಲ್ಲಾದರೂ ಬೆಳಿಗ್ಗೆ ಹಾಲಿನ ಪ್ಯಾಕೆಟ್ ಬರುವ ಹೊತ್ತಿಗೆ ನಿಂತು ನೋಡಿ. ಕಾಂಪೌಂಡ್ ಗೋಡೆಯಿಂದ ಇಳಿದ ಕರಿಬೆಕ್ಕು ರಸ್ತೆ ದಾಟಿತೆಂದರೆ ಕೆಲಸಕ್ಕೆ ಹೊರಟ ಸ್ಕೂಟರ್ ಒಂದು ಕ್ಷಣ ನಿಲ್ಲುತ್ತದೆ, ಹಿಂದಿನ ಆಟೋ ಮುಂದೆ ಹೋಗಲೆಂದು ಕಾಯುತ್ತದೆ. ಶಕುನದ ವಿಷಯದಲ್ಲಿ ಕನ್ನಡಕ್ಕೂ ತಮಿಳಿಗೂ ಜಗಳವಿಲ್ಲ!

ಊರಿನ ಕರಿಬೆಕ್ಕಿನ ಮಾತು ಹಾಗಿರಲಿ. ಕಾಡಿನಲ್ಲೂ ಕರಿಬೆಕ್ಕುಗಳಿವೆ. ಕಬಿನಿಯ ಕರಿಚಿರತೆಯನ್ನು ಟಿ.ವಿ.ಯಲ್ಲಾದರೂ ನೋಡದವರು ನಮ್ಮಲ್ಲಿ ಕಡಿಮೆ. ಆದರೆ ಬೆಟ್ಟದ ಕಾಡುಗಳ ಸಣ್ಣ ಕಾಡುಬೆಕ್ಕುಗಳಲ್ಲೂ ಮೈಯೆಲ್ಲ ಮಸಿ ಬಳಿದಂತೆ ಹುಟ್ಟುವವು ಇವೆ ಎಂಬುದು ಅಷ್ಟಾಗಿ ಯಾರಿಗೂ ತಿಳಿದಿಲ್ಲ. ಈ ಕಪ್ಪು ಎಲ್ಲಿಂದ ಬಂತು, ಅದನ್ನು ಕಂಡವರು ಏನೆಂದುಕೊಂಡರು ಎಂಬುದಕ್ಕೆ ಇನ್ನೂರು ವರ್ಷಗಳ ಚರಿತ್ರೆಯಿದೆ. ಅದರ ಒಂದು ಎಳೆ ನಮ್ಮ ಧಾರವಾಡ ಸೀಮೆಯಿಂದ ಹೊರಟು ಮದರಾಸಿನ ಮೂಲಕ ಹಾದುಹೋಗುತ್ತದೆ.

1824ರ ಕಿತ್ತೂರಿನ ಕದನ ನಮಗೆಲ್ಲ ಗೊತ್ತು. ರಾಣಿ ಚೆನ್ನಮ್ಮನ ಪಡೆಯ ಎದುರು ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಸೆರೆಸಿಕ್ಕ ಇಬ್ಬರು ಕಿರಿಯ ಅಧಿಕಾರಿಗಳಲ್ಲಿ ಒಬ್ಬ ವಾಲ್ಟರ್ ಎಲಿಯಟ್, ಮದರಾಸ್ ಸಿವಿಲ್ ಸರ್ವೀಸಿನ ಸ್ಕಾಟ್ಲೆಂಡಿನ ಹುಡುಗ. ಸೆರೆಯಿಂದ ಬಿಡುಗಡೆಯಾದ ಮೇಲೂ ಆತ ಕನ್ನಡ ನಾಡು ಬಿಟ್ಟು ಓಡಲಿಲ್ಲ. ಹತ್ತಿರ ಹತ್ತಿರ ಹತ್ತು ವರ್ಷ ಆ ಸೀಮೆಯಲ್ಲೇ ಇದ್ದು ಊರೂರು ತಿರುಗಿ ಶಾಸನಗಳ ನಕಲು ಮಾಡಿಸಿದ. ಹಾಗೆ ಕೂಡಿಬಂದ ಶಾಸನಗಳು 595. ಕನ್ನಡ ಶಾಸನ ಸಂಶೋಧನೆಯ ಮೊದಲ ಹೆಜ್ಜೆಗಳಲ್ಲಿ ಇದೂ ಒಂದು.

ಶಾಸನದ ಜೊತೆಗೆ ಎಲಿಯಟ್ ಪ್ರಾಣಿಗಳನ್ನೂ ಪಟ್ಟಿ ಮಾಡಿದ. ದಕ್ಷಿಣ ಮರಾಠಾ ಸೀಮೆಯ, ಅಂದರೆ ಧಾರವಾಡದ ಸುತ್ತಲಿನ ಸಸ್ತನಿಗಳ ಆ ಪಟ್ಟಿ 1839ರಲ್ಲಿ ಮದರಾಸಿನ ಸಾಹಿತ್ಯ ಮತ್ತು ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಲ್ಯಾಟಿನ್ ಹೆಸರುಗಳ ಪಕ್ಕದಲ್ಲಿ ಜನ ಕರೆಯುವ ಹೆಸರುಗಳೂ ಇದ್ದವು, ಕನ್ನಡದವೂ ಸೇರಿ. ಬೇಟೆಗಾರರಿಗೂ ಕುರುಬರಿಗೂ ಗೊತ್ತಿದ್ದದ್ದು ಹೀಗೆ ಅಚ್ಚಿಗೆ ಏರಿತು.

ಎಲಿಯಟ್‌ಗೆ ಇದೇ ಹುಚ್ಚಿನ ಒಬ್ಬ ಸಮಕಾಲೀನನಿದ್ದ. ಮದರಾಸ್ ಸೈನ್ಯದ ಡಾಕ್ಟರ್ ಥಾಮಸ್ ಜೆರ್ಡಾನ್. ಹಕ್ಕಿಗಳ ವಿಷಯ ಬಲ್ಲವರಿಗೆ ಈ ಹೆಸರು ಹೊಸದಲ್ಲ. 1867ರಲ್ಲಿ ಆತ ಬರೆದ ಭಾರತದ ಸಸ್ತನಿಗಳ ಪುಸ್ತಕದಲ್ಲಿ ನಮ್ಮ ಈ ಭಾಗದ ಒಂದು ಪುಟ್ಟ ಬೆಕ್ಕಿನ ವರ್ಣನೆ ಬರುತ್ತದೆ. ಮೈಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳಿರುವ ಬೆಕ್ಕು ಅದು. ಜಗತ್ತಿನ ಅತಿ ಸಣ್ಣ ಕಾಡುಬೆಕ್ಕುಗಳಲ್ಲಿ ಒಂದು, ತೂಕ ಒಂದು ಕಿಲೋದಿಂದ ಒಂದೂವರೆ ಕಿಲೋದ ಆಸುಪಾಸು. ಭಾರತ, ಶ್ರೀಲಂಕಾ, ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ. ಇದಕ್ಕೆ ವೈಜ್ಞಾನಿಕ ಹೆಸರು ಸಿಕ್ಕಿದ್ದು 1831ರಲ್ಲಿ, ಪುದುಚೇರಿಯಿಂದ ಪ್ಯಾರಿಸ್ಸಿಗೆ ಹೋದ ಮಾದರಿಯಿಂದ. ತಮಿಳಿನ ಹೆಸರು ನಾಮಲಿ ಪಿಲ್ಲಿ ಎಂದು ಜೆರ್ಡಾನ್ ಬರೆದುಕೊಂಡಿದ್ದಾನೆ.

ಅದು ಬತ್ತಿದ ಕೆರೆಯಂಗಳದ ಹುಲ್ಲಿನಲ್ಲಿ, ಕುರುಚಲಿನಲ್ಲಿ, ಊರ ಪಕ್ಕದ ಮೋರಿಗಳಲ್ಲಿ ಇರುತ್ತದೆ ಎನ್ನುತ್ತಾನೆ ಜೆರ್ಡಾನ್. 1846ರಲ್ಲಿ ಒಂದು ಮರಿಯನ್ನು ಸಾಕಿಯೂ ಇದ್ದ. ನೋಡಿದವರೆಲ್ಲ ಮೆಚ್ಚುವಷ್ಟು ಮುದ್ದಾಗಿ ಬೆಳೆದ ಅದು ಎಂಟು ತಿಂಗಳಾದಾಗ ಕೋಣೆಯಲ್ಲಿದ್ದ ಜಿಂಕೆಮರಿಯ ಕತ್ತಿಗೇ ಬಾಯಿ ಹಾಕಿತಂತೆ, ಬಿಡಿಸುವುದೇ ಕಷ್ಟವಾಯಿತಂತೆ. ಇದರ ಕೊನೆಯಲ್ಲಿ ಇನ್ನೊಂದು ಮಾತಿದೆ. ಈ ಬೆಕ್ಕಿಗೂ ಮನೆಬೆಕ್ಕಿಗೂ ಹುಟ್ಟಿದ ಬೆರಕೆ ಮರಿಗಳನ್ನು ಎಲಿಯಟ್ ಕಂಡಿದ್ದ, ಜೆರ್ಡಾನ್ ತಾನೂ ಕಂಡಿದ್ದ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಆ ಕಾಲದ ಪ್ರಾಣಿಶಾಸ್ತ್ರ ಬಹುಮಟ್ಟಿಗೆ ಚರ್ಮ ನೋಡಿ ಹೆಸರಿಡುವ ಶಾಸ್ತ್ರವಾಗಿತ್ತು. ಬೇಟೆಗಾರ ತಂದ ಒಂದು ಚರ್ಮ, ಪೇಟೆಯಲ್ಲಿ ಕೊಂಡ ಇನ್ನೊಂದು, ಬಣ್ಣ ಬೇರೆ ಕಂಡರೆ ಹೆಸರು ಬೇರೆ. ಜಾವಾದ ಕರಿಚಿರತೆಗೆ ಫ್ರಾನ್ಸಿನ ಕುವಿಯೇ 1809ರಲ್ಲೇ ಬೇರೆ ಪ್ರಭೇದದ ಹೆಸರು ಕೊಟ್ಟಿದ್ದ. ಹಿಮಾಲಯದಿಂದ ಸುಮಾತ್ರಾವರೆಗೆ ಬೆಟ್ಟದ ಕಾಡುಗಳಲ್ಲಿರುವ ಹೊನ್ನ ಬಣ್ಣದ ಬೆಕ್ಕಿನ ಪಾಡು ಇನ್ನೂ ತಮಾಷೆ. ಮನೆಬೆಕ್ಕಿನ ಎರಡು ಮೂರು ಪಟ್ಟು ದೊಡ್ಡದಾದ ಇದಕ್ಕೆ 1827ರಲ್ಲಿ ಸುಮಾತ್ರಾದ ಕೆಂಗಂದು ಚರ್ಮ ನೋಡಿ ಒಂದು ಹೆಸರು. 1831ರಲ್ಲಿ ನೇಪಾಳದಲ್ಲಿ ಜೀವಂತ ಸಿಕ್ಕ ಮರಿಯನ್ನು ನೋಡಿ ಹಾಡ್ಜ್‌ಸನ್ ಇಟ್ಟ ಇನ್ನೊಂದು ಹೆಸರು. 1872ರಲ್ಲಿ ಚೀನಾದಿಂದ ಬಂದ ಚುಕ್ಕೆಯ ಬೆಕ್ಕಿಗೆ ಮೂರನೆಯದು. ಮೂರೂ ಒಂದೇ ಪ್ರಾಣಿ!

ಬಣ್ಣ ನಂಬಿದರೆ ಮೋಸ ಹೋಗುತ್ತೇವೆ ಎಂದು ತಿಳಿಯಲು ಜೀವಂತ ಪ್ರಾಣಿಗಳನ್ನು ನೋಡಬೇಕಾಯಿತು. ಚುಕ್ಕೆಯ ತಾಯಿ ಚಿರತೆಯ ಒಂದೇ ಸೂಲಿನಲ್ಲಿ ಚುಕ್ಕೆಯ ಮರಿಯೂ ಕರಿಮರಿಯೂ ಹುಟ್ಟುವುದನ್ನು ಕಂಡ ಮೇಲೆ ಕರಿಚಿರತೆ ಬೇರೆ ಜಾತಿಯಲ್ಲ ಎಂಬುದು ನಿಂತಿತು. ಕರಿಚಿರತೆಯನ್ನು ಓರೆ ಬಿಸಿಲಿನಲ್ಲಿ ನೋಡಿದರೆ ಕಪ್ಪಿನೊಳಗೇ ಚುಕ್ಕೆಗಳು ಕಾಣುತ್ತವೆ. ಕಪ್ಪು ರೇಷ್ಮೆ ಸೀರೆಯಲ್ಲಿ ಕಪ್ಪು ಬುಟ್ಟಾ ಇದ್ದ ಹಾಗೆ.

ಇದರ ಒಳಗುಟ್ಟು ಬಿಚ್ಚಿದ್ದು 2003ರಲ್ಲಿ. ಎಡ್ವರ್ಡೊ ಐಜಿರಿಕ್ ಮತ್ತು ಸಂಗಡಿಗರು ಬೆಕ್ಕಿನ ಕುಲದಲ್ಲಿ ಕಪ್ಪು ಹುಟ್ಟುವ ಬಗೆಯನ್ನು ವಂಶವಾಹಿಗಳಲ್ಲಿ ಹುಡುಕಿದರು. ಕೂದಲಿಗೆ ಎರಡು ಬಣ್ಣದ ದ್ರವ್ಯಗಳು. ಒಂದು ಕಪ್ಪು, ಇನ್ನೊಂದು ಕೆಂಪು ಮಿಶ್ರಿತ ಹಳದಿ. ಕಪ್ಪನ್ನು ತಡೆದು ಹಳದಿಗೆ ಅವಕಾಶ ಕೊಡುವ ಒಂದು ವಂಶವಾಹಿಯಿದೆ. ಅದು ಕೆಟ್ಟರೆ ತಡೆಯುವವರಿಲ್ಲದೆ ಮೈಯೆಲ್ಲ ಕಪ್ಪು. ಮನೆಬೆಕ್ಕಿನಲ್ಲಿ ಆಗಿರುವುದು ಇದೇ. ಈ ಕೆಟ್ಟ ಪ್ರತಿ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಮರಿ ಕಪ್ಪಾಗುತ್ತದೆ. ಹಾಗಾಗಿ ಕಪ್ಪಲ್ಲದ ಜೋಡಿಗೂ ಕರಿಮರಿ ಹುಟ್ಟಬಹುದು. ದಕ್ಷಿಣ ಅಮೆರಿಕದ ಜಾಗ್ವಾರ್‌ನಲ್ಲಿ ಬೇರೆಯೇ ವಂಶವಾಹಿ ಬದಲಾಗಿದೆ, ಅಲ್ಲಿ ಒಬ್ಬರಿಂದ ಬಂದರೂ ಸಾಕು. ಅಂದರೆ ಕಪ್ಪು ಒಂದೇ ಮೂಲದಿಂದ ಹರಿದು ಬಂದದ್ದಲ್ಲ. ಬೆಕ್ಕಿನ ಕುಲದಲ್ಲಿ ಕನಿಷ್ಠ ನಾಲ್ಕು ಬಾರಿ ಬೇರೆ ಬೇರೆಯಾಗಿ ಹುಟ್ಟಿದೆ ಎಂದು ಆ ಅಧ್ಯಯನ ತೋರಿಸಿತು. 2012ರಲ್ಲಿ ಚಿರತೆಯ ಮತ್ತು ಹೊನ್ನಬೆಕ್ಕಿನ ಕಪ್ಪಿನ ಮೂಲವೂ ಸಿಕ್ಕಿತು. ಸುಮಾರು 40 ಬಗೆಯ ಬೆಕ್ಕುಗಳಲ್ಲಿ ಹದಿಮೂರು ಹದಿನಾಲ್ಕರಲ್ಲಿ ಕರಿಯವು ಕಂಡಿವೆ.

ಇಷ್ಟು ಗೊತ್ತಾದ ಮೇಲೆ ಪ್ರಶ್ನೆ ಮುಗಿಯಿತೆ? ಇಲ್ಲ. ಕಪ್ಪು ಹೇಗೆ ಹುಟ್ಟುತ್ತದೆ ಎಂಬುದಕ್ಕಿಂತ ಒಂದು ಕಾಡಿನಲ್ಲಿ ಅದು ಏಕೆ ಉಳಿದಿದೆ ಎಂಬುದು ದೊಡ್ಡ ಪ್ರಶ್ನೆ. ಒಂದೇ ಕಪ್ಪು ಮೂರು ಕಡೆ ಮೂರು ಚರಿತ್ರೆ ಹೇಳುತ್ತದೆ.

ಮೊದಲನೆಯದು ಸಿರಿವಂತಿಕೆಯ ಚರಿತ್ರೆ. ಅರುಣಾಚಲ ಪ್ರದೇಶದ ದಿಬಾಂಗ್ ಕಣಿವೆಯಲ್ಲಿ ಇದು ಮಿಶ್ಮಿ ಜನರ ಬೆಟ್ಟದ ಕಾಡುಗಳಿವೆ. ಅಲ್ಲಿ ಸಾಹಿಲ್ ನಿಜಾವನ್ ಮತ್ತು ಸಂಗಡಿಗರು ಮರಗಳಿಗೆ ತಾವಾಗಿಯೇ ಕ್ಲಿಕ್ಕಿಸುವ ಕ್ಯಾಮೆರಾ ಕಟ್ಟಿದರು. 2019ರಲ್ಲಿ ಅವರು ಪ್ರಕಟಿಸಿದ ವಿಷಯ ಎಲ್ಲರನ್ನೂ ಬೆರಗುಗೊಳಿಸಿತು. ಅದೇ ಹೊನ್ನಬೆಕ್ಕು, ಒಂದೇ ಕಣಿವೆಯಲ್ಲಿ ಆರು ವೇಷದಲ್ಲಿ! ಹೊಂಬಣ್ಣ, ದಾಲ್ಚಿನ್ನಿಯ ಬಣ್ಣ, ಬೂದು, ಎರಡು ಬಗೆಯ ಚುಕ್ಕೆಯವು, ಜೊತೆಗೆ ಅಪ್ಪಟ ಕಪ್ಪು. ಹತ್ತೊಂಬತ್ತನೇ ಶತಮಾನದ ಪಂಡಿತರ ಕೈಗೆ ಈ ಆರು ಚರ್ಮ ಸಿಕ್ಕಿದ್ದರೆ ಇನ್ನೆಷ್ಟು ಹೆಸರು ಹುಟ್ಟುತ್ತಿದ್ದವೋ.

ಕಪ್ಪಿನಿಂದ ಬೆಟ್ಟದ ಬೆಕ್ಕಿಗೆ ಲಾಭವಿದೆಯೆಂದು ಅನೇಕರ ಊಹೆ. ತೇವ ಹೆಚ್ಚಿರುವ ಕಡೆ ಪ್ರಾಣಿಗಳ ಬಣ್ಣ ಗಾಢ ಎಂದು ಜರ್ಮನಿಯ ಗ್ಲೋಗರ್ 1833ರಲ್ಲೇ ಹಕ್ಕಿಗಳನ್ನು ನೋಡಿ ಹೇಳಿದ್ದ. ಮಂಜು ಕವಿದ, ಬಿಸಿಲು ನೆಲ ಮುಟ್ಟದ ಕಾಡಿನಲ್ಲಿ ಕಪ್ಪು ಒಳ್ಳೆಯ ಮರೆ. ಆಫ್ರಿಕಾದ ಹುಲ್ಲುಗಾವಲಿನ ಸರ್ವಲ್ ಬೆಕ್ಕು ಕೆನ್ಯಾದ ಎತ್ತರದ ಅಬರ್‌ಡೇರ್ ಬೆಟ್ಟಗಳಲ್ಲಿ ಕಪ್ಪಾಗಿ ಕಾಣುವುದಕ್ಕೆ, ಮಲೇಷಿಯಾದ ಮಳೆಕಾಡಿನ ಚಿರತೆಗಳು ಹೆಚ್ಚುಕಡಿಮೆ ಎಲ್ಲವೂ ಕರಿಯವಾಗಿರುವುದಕ್ಕೆ, ನಮ್ಮ ಪಶ್ಚಿಮ ಘಟ್ಟದಲ್ಲಿ ಕರಿಚಿರತೆ ಆಗಾಗ ಕಾಣುವುದಕ್ಕೆ ಇದೇ ಕಾರಣವಿರಬಹುದು. ದಿಬಾಂಗ್‌ನಲ್ಲಂತೂ ಬೇರೆ ಬೇರೆ ಬಣ್ಣದವು ಬೇರೆ ಬೇರೆ ಎತ್ತರದಲ್ಲಿ, ಬೇರೆ ಹೊತ್ತಿನಲ್ಲಿ ಬೇಟೆಯಾಡಲು ಈ ವೈವಿಧ್ಯ ನೆರವಾಗಬಹುದು ಎಂದು ಸಂಶೋಧಕರು ಭಾವಿಸುತ್ತಾರೆ.

ಎರಡನೆಯದು ಬಡತನದ ಚರಿತ್ರೆ. ಇದು ಸಣ್ಣ ಬೆಕ್ಕಿನದಲ್ಲ, ಅದರ ದೊಡ್ಡಣ್ಣ ಹುಲಿಯದು. ಆದರೂ ಇಲ್ಲಿ ಹೇಳಲೇಬೇಕು. ಒಡಿಶಾದ ಸಿಮಿಲಿಪಾಲ್‌ನಲ್ಲಿ ಪಟ್ಟೆಗಳು ಅಗಲವಾಗಿ, ಒಂದಕ್ಕೊಂದು ಕೂಡಿಕೊಂಡು ಕಪ್ಪಾಗಿ ಕಾಣುವ ಹುಲಿಗಳಿವೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್, ವಿನಯ್ ಸಾಗರ್ ಮತ್ತು ಸಂಗಡಿಗರು 2021ರಲ್ಲಿ ಇದರ ಮೂಲ ಕಂಡುಹಿಡಿದರು. ಅಲ್ಲಿನ ಮೂರನೇ ಒಂದಕ್ಕಿಂತ ಹೆಚ್ಚು ಹುಲಿಗಳು ಹೀಗಿದ್ದವು. ಕಾಡಿನಲ್ಲಿ ಬೇರೆಲ್ಲೂ ಇಲ್ಲ. ಅಂದಹಾಗೆ, ಈ ಬಗೆಯ ಹುಲಿ ಇದ್ದ ಮೂರು ಮೃಗಾಲಯಗಳಲ್ಲಿ ಒಂದು ನಮ್ಮ ವಂಡಲೂರಿನದು. ಸಿಮಿಲಿಪಾಲ್‌ನಲ್ಲಿ ಕಪ್ಪು ಹೆಚ್ಚಿದ್ದು ಹೊರಗಿನ ಹುಲಿಗಳ ಸಂಪರ್ಕ ಕಡಿದು, ಕೆಲವೇ ಹುಲಿಗಳು ತಮ್ಮತಮ್ಮಲ್ಲೇ ಸಂಬಂಧ ಬೆಳೆಸಿದ್ದರಿಂದ. ನೋಡುವವರಿಗೆ ಅಪರೂಪದ ಚೆಲುವು, ಹುಲಿಗೆ ಅಪಾಯದ ಸೂಚನೆ. ಹೊಸ ರಕ್ತ ಬರಲೆಂದು 2024ರಲ್ಲಿ ತಾಡೋಬಾದಿಂದ ಎರಡು ಹೆಣ್ಣುಹುಲಿಗಳನ್ನು ಅಲ್ಲಿಗೆ ತಂದು ಬಿಟ್ಟರು.

ಮೂರನೆಯದು ಬೆರಕೆಯ ಚರಿತ್ರೆ. ಇದಕ್ಕೆ ಎಲಿಯಟ್‌ನ ತವರು ಸ್ಕಾಟ್ಲೆಂಡಿಗೇ ಹೋಗಬೇಕು. ಅಲ್ಲಿನ ಬೆಟ್ಟಗಳಲ್ಲಿ ದೊಡ್ಡ ಕರಿಬೆಕ್ಕು ಇದೆಯೆಂದು ಜನ ಹಿಂದಿನಿಂದ ಹೇಳುತ್ತಿದ್ದರು, ಕಥೆಯೆಂದು ಓದಿದವರು ನಗುತ್ತಿದ್ದರು. 1984ರಲ್ಲಿ ಕೆಲ್ಲಸ್ ಎಂಬ ಹಳ್ಳಿಯ ಬಳಿ ಅಂಥದ್ದೊಂದು ಉರುಳಿಗೆ ಸಿಕ್ಕಿತು. ಹೊಸ ಪ್ರಭೇದವೇ ಎಂಬ ಸಂಭ್ರಮ ಬಹಳ ದಿನ ನಿಲ್ಲಲಿಲ್ಲ. ಪರೀಕ್ಷಿಸಿದಾಗ ಅದು ಕಾಡುಬೆಕ್ಕಿಗೂ ಮನೆಬೆಕ್ಕಿಗೂ ಆದ ಬೆರಕೆ. ಆ ಕಪ್ಪಿನ ಹಿಂದೆ ದೊಡ್ಡ ನಷ್ಟವೇ ಅಡಗಿತ್ತು. ಬೆರಕೆ ಹೆಚ್ಚುತ್ತ ಹೋಗಿ, ಸ್ಕಾಟ್ಲೆಂಡಿನ ಅಸಲು ಕಾಡುಬೆಕ್ಕು ತಾನಾಗಿ ಉಳಿಯುವ ಸ್ಥಿತಿಯಲ್ಲಿಲ್ಲ ಎಂದು 2019ರಲ್ಲಿ ತಜ್ಞರು ಹೇಳಬೇಕಾಯಿತು. 2023ರಿಂದ ಸಾಕಿ ಬೆಳೆಸಿದ ಬೆಕ್ಕುಗಳನ್ನು ಮತ್ತೆ ಕಾಡಿಗೆ ಬಿಡುತ್ತಿದ್ದಾರೆ.

ಈಗ ಎಲಿಯಟ್ ಮತ್ತು ಜೆರ್ಡಾನ್ ಕಂಡ ಬೆರಕೆ ಮರಿಗಳನ್ನು ನೆನಪಿಸಿಕೊಳ್ಳಿ. ಆಗಿನ ಮದರಾಸಿನ ಸುತ್ತ ಕೆರೆಗಳಿದ್ದವು, ಕೀಲ್ಪಾಕ್‌ನಂಥ ಕಡೆ ತೋಟದ ಮನೆಗಳಿದ್ದವು, ನಡುವೆ ಬೇಕಾದಷ್ಟು ಕುರುಚಲಿತ್ತು. ಇವತ್ತು ಕಾಡಂಚಿನ ಊರುಗಳೇ ಕಾಡಿನೊಳಕ್ಕೆ ಬೆಳೆದಿವೆ. ರೆಸಾರ್ಟಿನ ಹಿಂದಿನ ಕಸದ ಗುಂಡಿ ಇದ್ದಲ್ಲಿ ಬೀದಿಬೆಕ್ಕು ಇದ್ದೇ ಇರುತ್ತದೆ, ಅದರ ಮೈಯಲ್ಲಿ ಕಪ್ಪಿನ ವಂಶವಾಹಿಯೂ ಇರಬಹುದು. ಆದ್ದರಿಂದ ಘಟ್ಟದ ಕಾಡಿನಲ್ಲಿ ಕ್ಯಾಮೆರಾಕ್ಕೆ ಒಂದು ಪುಟ್ಟ ಕರಿಬೆಕ್ಕು ಸಿಕ್ಕರೆ ಫೋಟೋ ಹಂಚಿ ಚಪ್ಪಾಳೆ ತಟ್ಟುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಇದು ದಿಬಾಂಗ್‌ನ ಕಪ್ಪೋ, ಸಿಮಿಲಿಪಾಲ್‌ನ ಕಪ್ಪೋ, ಕೆಲ್ಲಸ್‌ನ ಕಪ್ಪೋ? ಮೊದಲನೆಯದಾದರೆ ಕಾಡನ್ನು ಅದರ ಪಾಡಿಗೆ ಬಿಟ್ಟರೆ ಸಾಕು. ಎರಡನೆಯದಾದರೆ ಕಡಿದುಹೋದ ಕಾಡುಗಳನ್ನು ಜೋಡಿಸಬೇಕು. ಮೂರನೆಯದಾದರೆ ನಮ್ಮ ಕಸ, ನಮ್ಮ ಸಾಕುಪ್ರಾಣಿ ಎರಡನ್ನೂ ನಾವೇ ನೋಡಿಕೊಳ್ಳಬೇಕು. ಬಣ್ಣ ಒಂದೇ ಆದರೂ ಮದ್ದು ಮೂರು.

ಕೀಲ್ಪಾಕ್ ಮೆಟ್ರೊ ನಿಲ್ದಾಣದಿಂದ ಎರಡನೆಯದು ಎಗ್ಮೋರ್. ಅಲ್ಲಿ ಪ್ಯಾಂಥಿಯನ್ ರಸ್ತೆಯಲ್ಲಿ 1851ರಲ್ಲಿ ಆರಂಭವಾದ ಸರ್ಕಾರಿ ವಸ್ತುಸಂಗ್ರಹಾಲಯವಿದೆ. 1855ರಲ್ಲಿ ಎಡ್ವರ್ಡ್ ಬಾಲ್ಫೋರ್ ಮದರಾಸಿನ ಮೊದಲ ಮೃಗಾಲಯ ತೆರೆದದ್ದು ಇದರ ಅಂಗಳದಲ್ಲೇ. ರಜೆಗೆ ಊರಿಂದ ಮಕ್ಕಳು ಬಂದಾಗ ಕರೆದುಕೊಂಡು ಹೋಗಿ, ಪ್ರಾಣಿಗಳ ವಿಭಾಗದಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಗಾಜಿನ ಹಿಂದಿನ ಒಂದೊಂದು ಚರ್ಮಕ್ಕೂ ಯಾರೋ ಒಂದು ಹೆಸರು ಕೊಟ್ಟಿದ್ದಾರೆ, ಕೆಲವನ್ನು ಆಮೇಲೆ ತಿದ್ದಿದ್ದಾರೆ. ಹೊರಗೆ ಬಂದಾಗ ಕರಿಬೆಕ್ಕೊಂದು ಅಡ್ಡ ಬಂದರೆ ನಿಲ್ಲುವುದೇನೋ ನಿಲ್ಲಿ. ಆದರೆ ಶಕುನಕ್ಕಲ್ಲ, ಓರೆ ಬಿಸಿಲಿನಲ್ಲಿ ಅದರ ಮೈಮೇಲೆ ಮಾಸಿದ ಪಟ್ಟೆ ಕಾಣುತ್ತದೆಯೇ ಎಂದು ಮಕ್ಕಳಿಗೆ ತೋರಿಸುವುದಕ್ಕೆ.